ಎರಡು ಗಂಡ ನೆನೆಸಿಡಿ

ದರ್ಜಿಯ ಹೊಲಿಗೆ ಬಿಗಿ, ಬಾಯಿ ಮಾತ್ರ ಸಡಿಲ ಎಂದು ಬೀದಿಯವರು ಹೇಳುವುದಿತ್ತು. ಆದರೆ ಆ ಬೆಳಗ್ಗೆ ಸಡಿಲವಾದದ್ದು ಬಾಯಲ್ಲ, ಪೆನ್ನು. ಬ್ಯಾಂಡ್ ಮೇಷ್ಟ್ರಿಗೆಂದು ಹೊಲಿದಿದ್ದ ಅಚ್ಚ ಬಿಳಿ ಕೋಟಿನ ಮೇಲೆ ಅವನ ಕಿವಿಸಂದಿಯ ಪೆನ್ನು ಜಾರಿ ಬಿದ್ದಿತ್ತು. ಎಡತೋಳಿನಲ್ಲಿ ಉಗುರಿನಷ್ಟಗಲ ನೀಲಿ ಕಲೆ. ಮರುದಿನ ಸಂಜೆ ಮೇಷ್ಟ್ರು ಅದನ್ನೇ ತೊಟ್ಟು ವೇದಿಕೆ ಹತ್ತಬೇಕು.

ಅವನು ಫೋನ್ ತೆಗೆದು ಹುಡುಕಿದ. ‘ಮಸಿ ಕಲೆ ಮಂಗಮಾಯ! ಹಾಲಿಗೆ ನಿಂಬೆರಸ, ಟೂತ್‌ಪೇಸ್ಟ್ ಬೆರೆಸಿ ನೆನೆಸಿಡಿ’ ಎಂದಿತ್ತು. ಒಬ್ಬರು ಹೇಳಿದ್ದನ್ನೇ ನಂಬುವಷ್ಟು ದಡ್ಡ ತಾನಲ್ಲ ಎಂದು ಇನ್ನೂ ನಾಲ್ಕು ಕಡೆ ನೋಡಿದ. ಅಲ್ಲೂ ಅದೇ. ಐದು ಜನ ಒಂದೇ ಮಾತು ಹೇಳಿದ ಮೇಲೆ ಅನುಮಾನವೇಕೆ? ತೋಳನ್ನು ಬೋಗುಣಿಗೆ ಇಳಿಸಿಯೇಬಿಟ್ಟ.

ಮಧ್ಯಾಹ್ನ ಹೆಂಡತಿ ಊಟಕ್ಕೆ ಬಂದಳು. ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಚಪ್ಪಲಿಯಲ್ಲಿ ಕಲ್ಲು ಸಿಕ್ಕರೂ ಸಹಿಸಿಯಾಳು, ಸಾಲಿನಲ್ಲಿ ಕೊಂಬು ತಪ್ಪಿದರೆ ಸಹಿಸಳು. ಬೋಗುಣಿಯಿಂದ ತೋಳೆತ್ತಿ ನೋಡಿದಳು. ಉಗುರಿನಷ್ಟಿದ್ದ ಕಲೆ ಅಂಗೈಯಷ್ಟಾಗಿತ್ತು.

“ಐದು ಕಡೆ ಇತ್ತು ಕಣೇ! ಬೇಕಾದ್ರೆ ನೀನೇ ನೋಡು,” ಎಂದು ಅವನು ಫೋನ್ ಚಾಚಿದ.

ಅವಳು ಒಂದೊಂದಾಗಿ ಓದಿದಳು. “ರೀ, ಎಷ್ಟು ಹೊತ್ತು ನೆನೆಸಿದ್ರಿ?”

“ಎರಡು ಗಂಟೆ.”

“ಗಂಟೆ ಅಂತ ಎಲ್ಲಿದೆ? ‘ಎರಡು ಗಂಡ ನೆನೆಸಿಡಿ’ ಅಂತಿದೆ. ನನಗಿರೋನು ಒಬ್ಬ. ಇನ್ನೊಬ್ಬನ್ನ ಎಲ್ಲಿಂದ ತರಲಿ?”

“ಅಕ್ಷರ ತಪ್ಪು, ಬಿಡೇ.”

“ಐದೂ ಕಡೆ ಅದೇ ತಪ್ಪಾ? ಇದು ಐದು ಜನ ಹೇಳಿದ್ದಲ್ಲ. ಒಬ್ಬ ಬರೆದ, ನಾಲ್ಕು ಜನ ಕದ್ದರು. ಕದಿಯೋವಾಗ ಓದಲೂ ಇಲ್ಲ.”

ಐದರಲ್ಲಿ ಯಾವುದು ಹಳೆಯದೆಂದು ತಾರೀಖು ನೋಡಿ ಅದರ ಕೊನೆಗೆ ಹೋದಳು. ‘ಲೇಖಕರು: ವಸ್ತ್ರತಜ್ಞರು, ಮೂವತ್ತು ವರ್ಷಗಳ ಅನುಭವ.’ ಪಕ್ಕದ ಫೋಟೋದಲ್ಲಿ ನಗುತ್ತಿದ್ದವನು ಅವಳ ಸ್ವಂತ ತಮ್ಮ. ಅವನಿಗೆ ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ.

ಅಲ್ಲೇ ಫೋನ್ ಮಾಡಿದಳು. “ಏನೋ, ನಿನ್ನ ಕರ್ಚೀಫೂ ನಾನೇ ಒಗೀತಿದ್ದೆ. ವಸ್ತ್ರತಜ್ಞ ಯಾವಾಗ ಆದೆ?”

“ಅಯ್ಯೋ ಅಕ್ಕ, ದಿನಕ್ಕೆ ಎಂಟು ಲೇಖನ ಬರೀಬೇಕು. ಎಲ್ಲೋ ಓದಿದ್ದು, ಬರೆದೆ. ಅನುಭವ ಆ ವೆಬ್‌ಸೈಟಿನವರೇ ಸೇರಿಸಿದ್ರು.”

“ನಾಲ್ಕು ಜನ ಅದನ್ನ ಕದ್ದು ಹಾಕಿದಾರೆ. ನೀನು ಮಾಡಿ ನೋಡಿದ್ಯಾ?”

“ಇಲ್ಲ. ಆದ್ರೆ ಸರಿಯಾಗೇ ಇರ್ಬೇಕು ಅಕ್ಕ. ಈಗ ಐದು ಕಡೆ ಇದೆಯಲ್ಲ!”

ದರ್ಜಿ ಕೋಟನ್ನು ಎತ್ತಿಕೊಂಡು ಎದುರಿನ ಲಾಂಡ್ರಿ ಅಜ್ಜಿಯ ಹತ್ತಿರ ಓಡಿದ. ಅಜ್ಜಿ ಕನ್ನಡಕ ಏರಿಸಿದಳು.

“ಯಾವ ಬಟ್ಟೆ ಇದು? ಎಂಥಾ ಮಸಿ? ಏನೇನು ಹಚ್ಚಿದೀಯ?”

ಬೆಳಗ್ಗೆಯಿಂದ ಯಾರೂ ಇದನ್ನು ಕೇಳಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಅಜ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದಳು.

“ಬೆಳಗ್ಗೇನೇ ತಂದಿದ್ರೆ ನೋಡಬಹುದಿತ್ತು. ಈಗ ನನ್ನ ಕೈಲಾಗಲ್ಲಪ್ಪ. ಸುಮ್ನೆ ಆಸೆ ತೋರಿಸಲ್ಲ.”

ಬೇಸರವಾದರೂ ಅವನಿಗೆ ಯಾಕೋ ಧೈರ್ಯ ಬಂತು. ಅಂಗಡಿಗೆ ಬಂದು ಹಳೇ ತೋಳನ್ನು ಬಿಚ್ಚಿ, ಅದೇ ಬಟ್ಟೆಯ ತಾನಿನಲ್ಲಿ ಉಳಿದಿದ್ದ ತುಂಡಿನಿಂದ ಹೊಸದನ್ನು ಕತ್ತರಿಸಿ ಕೂರಿಸಿದ. ಮರುದಿನ ಕೋಟು ತೊಟ್ಟು ನೋಡಲು ಬಂದ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದ. ಮೇಷ್ಟ್ರು ಎಷ್ಟು ನಕ್ಕರೆಂದರೆ ಗುಂಡಿಯೊಂದು ಕಿತ್ತು ಮೂಲೆಗೆ ಹಾರಿತು. ಅದನ್ನು ಹುಡುಕಿ ಹೊಲಿಯಲು ಇನ್ನರ್ಧ ಗಂಟೆ ಹಿಡಿಯಿತು. ಸಂಜೆಯ ಕಾರ್ಯಕ್ರಮ ಮಾತ್ರ ಸೊಗಸಾಗಿ ನಡೆಯಿತು.

ಮುಂದಿನ ವಾರ ತಮ್ಮ ಬಂದಾಗ ಅಕ್ಕ ಅವನ ಮುಂದೆ ನೀಲಿ ತೋಳು ಹಾಸಿದಳು. ಅವನು ಪೆಚ್ಚಾಗಿ ತನ್ನ ಲೇಖನವನ್ನು ಅಂದೇ ತೆಗೆಸಿದ. ಅದು ತಪ್ಪು, ದಯವಿಟ್ಟು ತೆಗೆಯಿರಿ ಎಂದು ಉಳಿದ ನಾಲ್ವರಿಗೂ ಬರೆದ. ಮೂವರು ಉಸಿರೆತ್ತಲಿಲ್ಲ. ನಾಲ್ಕನೆಯವರಿಂದ ಉತ್ತರ ಬಂತು:

“ಇದು ಮೂವತ್ತು ವರ್ಷ ಅನುಭವವಿರುವ ತಜ್ಞರ ಸಲಹೆ. ಇದು ತಪ್ಪೆನ್ನಲು ತಾವು ಯಾರು?”