ಮೊಳೆಗೆ ತೂಗಿದ ಕತ್ತರಿ

"ಗಂಡನ ಮಗ್ಗುಲಾಗ ಬಿದ್ದಾಗ ಹಿಂಗ ಒದರಿದ್ದೇನ? ಆಗ ಸುಮ್ಮನಿದ್ದಿ. ಈಗ ಊರಿಗೆ ಕೇಳೂ ಹಂಗ ಒದರ್ತಿ. ಬಾಯಿ ಮುಚ್ಚು."

ಯಮುನಾಬಾಯಿ ಬಿದಿರ ಕೋಲಿನ ತುದಿಯಿಂದ ಹೊಳೆಮ್ಮನ ತೊಡೆಯನ್ನು ಆಚೆಗೆ ತಳ್ಳಿದಳು. ಬಳ್ಳಾರಿಯಲ್ಲಿ ಹೆರಿಗೆ ಕೆಲಸ ಕಲಿತು ಬಂದ ಆ ವಿಧವೆ ಕೇರಿಯ ಹೆಂಗಸರನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಒಳಗೆ ನಾಲ್ಕು ಕಬ್ಬಿಣದ ಮಂಚಗಳು ಖಾಲಿಯಿದ್ದವು. ಹೊಸಪೇಟೆಯ ಆ ಹೆರಿಗೆ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಹೊಳೆಮ್ಮ ಮಲಗಿದ್ದಳು. ಅತ್ತೆ ನಿಂಗಕ್ಕ ತಲೆಯ ಹತ್ತಿರ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಹೊಳೆಮ್ಮನ ಕಣ್ಣು ಗೋಡೆಯ ಮೊಳೆಯ ಮೇಲಿತ್ತು. ಅಲ್ಲಿ ಒಂದು ಕತ್ತರಿ ತೂಗುತ್ತಿತ್ತು. ಅಲಗಿನ ಸಂದಿನಲ್ಲಿ ಕಂದು ಬಣ್ಣದ್ದೇನೋ ಒಣಗಿ ಕೂತಿತ್ತು. ತುಕ್ಕೋ, ಯಾರದೋ ನೆತ್ತರೋ. ಅದು ಕೇರಿಯವರ ಕತ್ತರಿ. ಕೂಸು ಹುಟ್ಟಿದ ಮೇಲೆ ಜೊತೆಗೆ ಬಂದವರು ಅದನ್ನಿಳಿಸಿ, ಹೊಕ್ಕುಳಬಳ್ಳಿ ಕೊಯ್ದು, ತೊಳೆದು ಮತ್ತೆ ಮೊಳೆಗೆ ಹಾಕಬೇಕು. ಉಳಿದವರ ಕತ್ತರಿ ಒಳಗೆ, ಒಲೆಯ ಮೇಲಿನ ಪಾತ್ರೆಯಲ್ಲಿ, ದಾರದ ಜೊತೆ ಕುದಿಯುತ್ತಿತ್ತು.

ಹೋದ ವರ್ಷ ಅವಳ ಮೊದಲ ಮಗ ಇದೇ ಪಡಸಾಲೆಯಲ್ಲಿ ಹುಟ್ಟಿದ್ದ. ಏಳು ದಿನ ಮೊಲೆ ಚೀಪಿದ. ಎಂಟನೆಯ ದಿನ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಎತ್ತಿಕೊಂಡು ಓಡಿಬಂದಾಗ ದೊಡ್ಡ ಡಾಕ್ಟರು ಹೊಕ್ಕುಳು ನೋಡಿ ನಿಂಗಕ್ಕನಿಗೆ ಬೈದಿದ್ದರು.

"ಕುಡುಗೋಲಿಲೆ ಕೊಯ್ದ್ರೇನು, ದನಗಳಾ? ಕುದಿಸಿದ ಕತ್ತರಿ ಆಗಿದ್ರ ಕೂಸು ಬದುಕ್ತಿತ್ತು."

ಅವರ ಬೆನ್ನ ಹಿಂದೆ ನಿಂತಿದ್ದ ಯಮುನಾಬಾಯಿ ಆಗ ಗೋಡೆ ನೋಡುತ್ತಿದ್ದಳು.

ಈ ಸಲ ಮನೆಯಲ್ಲೇ ಎರಡು ದಿನ ನೋವು ತಿಂದರೂ ಹೆರಿಗೆಯಾಗದೆ ಹೊಳೆಮ್ಮ ಮತ್ತೆ ಇಲ್ಲಿಗೇ ಬರಬೇಕಾಯಿತು. ಡಾಕ್ಟರು ಕಂಪ್ಲಿಗೆ ಹೋಗಿದ್ದರು.

"ಅಮ್ಮಾರ, ನನ್ನ ಕೂಸಿಗೆ ಒಳಗಿನ ಕತ್ತರಿ ಕೊಡ್ರಿ. ಇಲ್ಲಾಂದ್ರ ಇದನ್ನ ಕುದಿಸಿ ಕೊಡ್ರಿ."

"ಇರೋದು ಒಂದು ಪಾತ್ರಿ. ಅದರಾಗ ನಿಮ್ಮದು ಹಾಕಿ ಮೈಲಿಗಿ ಮಾಡ್ಲೇನ? ಗಾದಿಲಿಂಗಪ್ಪ ಸಾವ್ಕಾರ್ರ ಸೊಸಿಗೆ ಇಟ್ಟದ್ದದು. ಗಾಡಿ ಹೊಂಟದಂತ."

"ಹೋದ ವರ್ಷದ್ದು ಎಂಟು ದಿನಕ್ಕ ಹೋತ್ರಿ."

"ವರ್ಷಕ್ಕೊಂದು ಹಡೀತೀರಿ. ಒಂದು ಹೋದ್ರ ಏನಾತು?"

"ನಿನ್ನ ಬಾಯಾಗ ಮಣ್ಣ ಹಾಕ, ರಂಡಿ," ಎಂದು ನಿಂಗಕ್ಕ ಗಂಟಲೊಳಗೇ ಅಂದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೂಸು ನಿಂಗಕ್ಕನ ಅಂಗೈಗೆ ಜಾರಿತು. ಸ್ವಲ್ಪ ಹೊತ್ತಿಗೆ ಬಳ್ಳಿಯ ತುದಿಯ ಮಾಸೂ ಬಿತ್ತು.

"ಹೆಣ್ಣು," ಎಂದು ಯಮುನಾಬಾಯಿ ಕೋಲನ್ನು ಮೂಲೆಗೆ ಒರಗಿಸಿದಳು. "ಕೊಯ್ದು, ನೆಲ ಸಾರಿಸಿ ಜಲ್ದಿ ಹೋಗ್ರಿ."

ನಿಂಗಕ್ಕನ ಕೈ ರೂಢಿಯಂತೆ ಮೊಳೆಯತ್ತ ಹೋಯಿತು.

"ಅತ್ತಿ, ಅದನ್ನ ಮುಟ್ಟಬ್ಯಾಡ."

"ಕೊಯ್ಯದ ಹೆಂಗಲೇ?"

ಹೊಳೆಮ್ಮ ಕೂಸನ್ನೂ ಮಾಸನ್ನೂ ಒಟ್ಟಿಗೆ ಸೆರಗಿನಲ್ಲಿ ಕಟ್ಟಿಕೊಂಡು ಗೋಡೆ ಹಿಡಿದು ಎದ್ದಳು. ಕಾಲಿನುದ್ದಕ್ಕೂ ರಕ್ತ ಇಳಿಯುತ್ತಿತ್ತು. ಹೊಸ್ತಿಲು ದಾಟಿದಳು.

"ಏ ಹಾದರಗಿತ್ತಿ, ಒಳಗ ಬರಬ್ಯಾಡ. ಹೊರಗ ನಡಿ."

"ಹೊರಗ ಹಾಕಬೇಕಂದ್ರ ನನ್ನ ಮುಟ್ಟಬೇಕ್ರಿ, ಅಮ್ಮಾರ."

ಯಮುನಾಬಾಯಿ ಗೋಡೆಗೆ ಅಂಟಿ ನಿಂತಳು.

ಹೊಳೆಮ್ಮ ಚಿತ್ತವಾಡ್ಗಿಯ ಗಾಣದಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವಳು. ಬೆಲ್ಲದ ಪಾಕ ನೋಡುವವನು ಕೈಯನ್ನು ತಣ್ಣೀರಲ್ಲಿ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಚಿಟಿಕೆ ಪಾಕ ಎತ್ತುವುದನ್ನು ದಿನಾ ಕಂಡವಳು. ಮೂಲೆಯ ಕುಡಿಯುವ ನೀರಿನ ಕೊಡದಲ್ಲಿ ಮೊಣಕೈತನಕ ಕೈ ಅದ್ದಿದಳು. ಆಮೇಲೆ ಅದೇ ಕೈಯನ್ನು ಕುದಿಯುವ ಪಾತ್ರೆಗೆ ಹಾಕಿದಳು.

ಪಾಕ ಎತ್ತುವುದಕ್ಕೆ ಒಂದು ಕ್ಷಣ ಸಾಕು. ಕತ್ತರಿ ತಳದಲ್ಲಿತ್ತು, ದಾರ ಅದಕ್ಕೆ ಸುತ್ತಿಕೊಂಡಿತ್ತು. ಎರಡನ್ನೂ ಹೊರಗೆ ತೆಗೆಯುವಷ್ಟರಲ್ಲಿ ಕೈಯ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಹೆರುವಾಗ ಒದರಿದವಳು ಈಗ ತುಟಿ ಬಿಚ್ಚಲಿಲ್ಲ.

"ಎರಡು ಕಡೆ ಬಿಗಿ, ಅತ್ತಿ."

ನಿಂಗಕ್ಕ ಬಳ್ಳಿಗೆ ದಾರ ಬಿಗಿದಳು. ಹೊಳೆಮ್ಮ ಕೊಯ್ದಳು. ಬಳ್ಳಿ ಗಟ್ಟಿಯಾಗಿತ್ತು, ಎರಡು ಸಲ ಅದುಮಬೇಕಾಯಿತು.

ಮುಂದಿನ ಅಂಗಳದಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಹಿಂದೆಯೇ ಒಬ್ಬ ಹೆಂಗಸಿನ ಚೀರಾಟ.

"ಕತ್ತರಿ ಅಲ್ಲಿಡು. ನಿನ್ನ ಕಾಲು ಬೀಳ್ತೀನಿ, ಅಲ್ಲಿಡು," ಎಂದಳು ಯಮುನಾಬಾಯಿ.

"ನಾ ಮುಟ್ಟಿದ್ದು ನಿಮಗ ಬರ್ತದೇನ್ರಿ?"

ಹೊಳೆಮ್ಮ ಪಡಸಾಲೆಗೆ ಹೋಗಿ, ರಕ್ತ ಹತ್ತಿದ ಆ ಕತ್ತರಿಯನ್ನೂ ಅದೇ ಮೊಳೆಗೆ ತೂಗುಹಾಕಿದಳು.

"ಎರಡ್ರಾಗ ಯಾವುದಾರ ಕುದಿಸ್ಕೋರಿ, ಅಮ್ಮಾರ. ಒಲಿ ಉರಿಯಾಕ ಹತ್ತೈತಿ."

ಸುಟ್ಟ ಕೈಯನ್ನು ಗಾಳಿಗೆ ಹಿಡಿದು, ಕೂಸನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಇವತ್ತಿಗೆ ಒಂದು ದಿನ. ಇನ್ನು ಏಳು.

"ಬಾಯಾರ," ಸಾವ್ಕಾರ್ರ ಮನೆಯ ಆಳು ದ್ಯಾಮಕ್ಕ ಗಾಡಿಯಿಂದ ಕೂಗುತ್ತಿದ್ದಳು. "ಗಾಡ್ಯಾಗ ತಲಿ ಕಾಣಾಕ ಹತ್ತೈತ್ರಿ. ಕತ್ತರಿ ತರ್ರಿ."

ಯಮುನಾಬಾಯಿ ಮೊಳೆಯ ಕೆಳಗೆ ನಿಂತಿದ್ದಳು. ಎರಡು ಕತ್ತರಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವಳ ಕೈ ಮೇಲಕ್ಕೇಳಲಿಲ್ಲ. ಒಳಗೆ ಪಾತ್ರೆಯಲ್ಲಿ ಬರೀ ನೀರು ಕುದಿಯುತ್ತಿತ್ತು.