ಆವಲಮ್ಮನ ಬಿಳಿ ಡಬ್ಬ

ಯಲ್ದೂರಿನ ಪಕ್ಕದ ಹಳ್ಳಿಯಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಪ್ರೈಮರಿ ಶಾಲೆಯ ನೀರಿನ ಗುಡಾಣ ಒಡೆದುಹೋಯಿತು. ಮಣ್ಣಿನ ಗುಡಾಣ ಯಾರ ಮನೆಯಲ್ಲಿ ಒಡೆದಿಲ್ಲ ಹೇಳಿ? ಆದರೂ ಸುದ್ದಿ ಕೇಳಿ, ಅದೇ ಊರಿನಲ್ಲಿ ರೇಷ್ಮೆ ಹುಳು ಸಾಕುತ್ತಾ ಮೊಮ್ಮಗಳನ್ನು ಆ ಶಾಲೆಗೆ ಕಳಿಸುತ್ತಿದ್ದ ಆವಲಮ್ಮ ತನ್ನ ಮನೆಯ ಗುಡಾಣವೇ ಒಡೆದಂತೆ ಪೇಚಾಡಿದಳು.

ಆ ಶಾಲೆಯಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಕೆಲಸ. ಸೋಮವಾರ ಉಗುರು ನೋಡುವುದು, ಬುಧವಾರ ಹಾಡು, ಶುಕ್ರವಾರ ಅಂಗಳ ಗುಡಿಸಿ ಗಿಡಗಳಿಗೆ ನೀರು ಹಾಕುವುದು. ಶನಿವಾರ ಬಂತೆಂದರೆ ಊರಿನ ಹೆಂಗಸರು ಸರದಿಯಂತೆ ಹೋಗಿ ಉಪ್ಪಿಟ್ಟು ಮಾಡಿ ಬಡಿಸಬೇಕು. ಆವಲಮ್ಮ ಮೊದಲ ಸಲ ಹೋದ ದಿನ ಅಷ್ಟೊಂದು ಮಕ್ಕಳು ಕಣ್ಣು ಮುಚ್ಚಿ, ಕೈ ಮುಗಿದು ಪ್ರಾರ್ಥನೆಗೆ ಕೂತಿದ್ದವು. ಒಂದು ಪಿಸುಮಾತಿಲ್ಲ, ಒಂದು ಕೆಮ್ಮಿಲ್ಲ. ಉಂಡ ಮೇಲೆ ಸಾಲಾಗಿ ಬಂದು ಒಂದೇ ಗುಡಾಣದ ನೀರು ಕುಡಿದವು. ಊರೊಳಗೆ ಒಬ್ಬರ ಬಾವಿಗೆ ಇನ್ನೊಬ್ಬರು ಹಗ್ಗ ಇಳಿಸದ ಮನೆಗಳ ಮಕ್ಕಳು ಅವು! ಆವಲಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ನಮ್ಮೂರಲ್ಲೂ ಇಂಥದ್ದು ಆಗುತ್ತದೆಯೇ ಎಂದು ಮೈ ಜುಮ್ಮೆಂದಿತ್ತು.

ಅಂಥ ಗುಡಾಣ ಒಡೆದ ಮೇಲೆ ಸುಮ್ಮನಿರುವುದು ಹೇಗೆ? ಮುಂದಿನ ಶನಿವಾರ ಆಕೆ ಒಂದು ದೊಡ್ಡ ಬಿಳಿ ಡಬ್ಬ ಹೊತ್ತು ತಂದಳು. ಮಾವು ಹೂ ಬಿಟ್ಟಾಗ ತೋಪಿಗೆ ಹೊಡೆದ ಔಷಧಿಯ ಡಬ್ಬ ಅದು. ಬೂದಿ ಹಾಕಿ ಉಜ್ಜಿ, ಸೀಗೆಪುಡಿಯಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಫಳಫಳ ಮಾಡಿದ್ದಳು.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬೆನೆಡಿಕ್ಟಾ ಮಂಗಳೂರಿನ ಕಡೆಯವರು, ಪುಸ್ತಕದಂತೆ ಮಾತಾಡುವವರು.

"ಬಹಳ ಸಂತೋಷ ಆವಲಮ್ಮ. ಇದರಲ್ಲಿ ಮೊದಲು ಏನಿತ್ತು?"

"ಮಾವಿನ್ ಹೂವಿಗೆ ಹೊಡೆಯೋ ಔಸ್ದಿ. ಈಗೇನೂ ಇಲ್ಲ ಕಣಮ್ಮ. ತೊಳ್ದು ತೊಳ್ದು ನನ್ ಕೈ ಸವೆದೋಯ್ತು. ಬೇಕಾದ್ರೆ ಮೂಸಿ ನೋಡಿ."

"ವಾಸನೆ ಹೋಗಿರಬಹುದು. ವಿಷ ಅಂಚಿನಲ್ಲಿ, ಸಂದಿಯಲ್ಲಿ ಉಳಿದಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮಕ್ಕಳಿಗೆ ಇದರ ನೀರು ಬೇಡ."

ಆವಲಮ್ಮನ ಮುಖ ಕಪ್ಪಿಟ್ಟಿತು. "ಡಬ್ಬ ಬೇಡ್ವೋ, ನಮ್ಮನೇದು ಅಂತ ಬೇಡ್ವೋ? ಇರ್ಲಿ ಬಿಡಿ. ನನ್ ಮೊಮ್ಮಗಳು ಕುಡೀತಾಳೆ, ನಾವು ಕುಡೀತೀವಿ" ಎಂದವಳೇ ಡಬ್ಬ ತಲೆಗೇರಿಸಿಕೊಂಡು ಹೊರಟಳು.

ಮನೆಗೆ ಬಂದು ಬಾವಿಯಿಂದ ಸೇದಿ ಡಬ್ಬ ತುಂಬಿಸಿದಳು. "ಮುತ್ಯಾಲೂ, ಬಾರಮ್ಮಿ, ಒಂದ್ ಲೋಟ ಕುಡಿ. ಹೆಂಗೈತೆ ಅಂತ ನಿಮ್ ಸಿಸ್ಟ್ರಮ್ಮಂಗೆ ಹೇಳ್ವಂತೆ."

ಮುತ್ಯಾಲು ಲೋಟ ಅದ್ದಿದಳು. ಅಷ್ಟರಲ್ಲಿ, ಆವಲಮ್ಮನ ಹಿಂದೆಯೇ ಶಾಲೆಯಿಂದ ಹೊರಟಿದ್ದ ಸಿಸ್ಟರ್ ಬಿಸಿಲಲ್ಲಿ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. "ಮಗೂ, ಕುಡಿಯಬೇಡ!"

ಲೋಟ ತುಟಿಯ ಹತ್ತಿರವೇ ನಿಂತಿತು.

"ಏನಮ್ಮ ಇದು?" ಆವಲಮ್ಮ ರೇಗಿದಳು. "ವಿಷ ನಿಮ್ ಕಣ್ಣಿಗೆ ಕಾಣ್ತೈತಾ?"

"ಇಲ್ಲ ಆವಲಮ್ಮ, ನನಗೂ ಕಾಣುವುದಿಲ್ಲ. ಅದಕ್ಕೇ ನನಗೆ ಹೆದರಿಕೆ."

ಸೊಸೆ ಭಾರತಮ್ಮ ಮಗಳ ಕೈಯಿಂದ ಲೋಟ ತೆಗೆದುಕೊಂಡು ಮೆಲ್ಲಗೆ ಅಂದಳು: "ಅತ್ತೆ, ತೋಪಿಗೆ ಔಸ್ದಿ ಹೊಡೆದ್ರೆ ಆ ಕಡೆ ಸೊಪ್ಪು ನಮ್ ರೇಷ್ಮೆ ಹುಳಕ್ಕೆ ಹಾಕ್ಬೇಡ ಅಂತೀರ. ಮಗೂಗೆ ಮಾತ್ರ ಔಸ್ದಿ ಡಬ್ಬದ ನೀರಾ?"

ಸೊಸೆಯ ಮಾತು ಆವಲಮ್ಮನಿಗೆ ನಾಟಿತು. ಆ ಮನೆಯಲ್ಲಿ ಹುಳು ಅಂದರೆ ಅಷ್ಟು ಮಡಿ. ಕಾಲು ತೊಳೆಯದೆ ಯಾರೂ ಹುಳುಮನೆಗೆ ಹೋಗುವಂತಿಲ್ಲ, ಬೀಡಿ ಸೇದುವವರು ಅಂಗಳಕ್ಕೂ ಬರುವಂತಿಲ್ಲ. ಆದರೆ ಸೋಲುವ ಹೆಂಗಸೇ ಆಕೆ?

"ತೊಳ್ದಿದೀನಲ್ಲೇ! ಆಯ್ತು, ನಮ್ ಹುಳಾನೇ ಹೇಳ್ಲಿ. ಈ ನೀರು ಚಿಮುಕ್ಸಿದ್ ಸೊಪ್ಪು ತಿಂದು ಬದುಕಿದ್ರೆ ಸೋಮವಾರ ಈ ಡಬ್ಬ ಇಸ್ಕೂಲ್ನಲ್ಲಿರ್ಬೇಕು."

"ಬದುಕಿದರೂ ನಾನು ಮಕ್ಕಳಿಗೆ ಕೊಡಲಾರೆ" ಎಂದರು ಸಿಸ್ಟರ್. ಆವಲಮ್ಮ ಕೇಳಿಸಿಕೊಳ್ಳಲಿಲ್ಲ.

ಇನ್ನೆರಡು ಮೂರು ದಿನದಲ್ಲಿ ಗೂಡು ಕಟ್ಟಲಿದ್ದ, ಬೆರಳುದ್ದದ ಹುಳುಗಳಲ್ಲಿ ಒಂದು ಹಿಡಿ ತೆಗೆದು ಬೇರೆ ಮೊರಕ್ಕೆ ಬಿಟ್ಟಳು. ಡಬ್ಬದ ನೀರು ಚಿಮುಕಿಸಿದ ಹಿಪ್ಪುನೇರಳೆ ಸೊಪ್ಪು ಹಾಕಿದಳು. ಹುಳುಗಳು ಸರಸರನೆ ತಿಂದವು. "ನೋಡಿ, ನೋಡಿ!" ಎಂದು ಆಕೆ ಅಡಿಗೆಮನೆಯ ಕೊಡದ ನೀರಲ್ಲಿ ಎಲ್ಲರಿಗೂ ಕಾಫಿ ಕಾಯಿಸಲು ಎದ್ದಳು.

ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಒಂದು ಹುಳು ತಲೆ ಎತ್ತಿತು. ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಆ ಕಡೆ ಈ ಕಡೆ ತಲೆಯಾಡಿಸಿತು. ಬಾಯಿಂದ ಹಸಿರು ರಸ ಕಾರಿತು. ಅದರ ಪಕ್ಕದ್ದೂ ತಲೆ ಎತ್ತಿತು, ಆಮೇಲೆ ಇನ್ನೊಂದು. ದೀಪ ಹಚ್ಚುವ ಹೊತ್ತಿಗೆ ಮೊರದಲ್ಲಿದ್ದ ಹುಳುಗಳೆಲ್ಲ ಮುದುಡಿ ಬಿದ್ದಿದ್ದವು. ಹುಳು ಸಾಕುವ ಬಿದಿರಿನ ತಟ್ಟೆಗಳಲ್ಲಿ ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ ನಡೆದೇ ಇತ್ತು. ಈ ಮೊರದಲ್ಲಿ ಸದ್ದೇ ಇರಲಿಲ್ಲ. ಶಾಲೆಯ ಅಂಗಳದಲ್ಲಿ ಕಣ್ಣು ಮುಚ್ಚಿ ಕೂತ ಮಕ್ಕಳು ನೆನಪಾಗಿ ಆವಲಮ್ಮ ಗಾಬರಿಯಿಂದ ಮೊಮ್ಮಗಳ ಕಡೆ ತಿರುಗಿದಳು.

"ಅಯ್ಯೋ ದೇವುಡಾ! ಮುತ್ಯಾಲೂ, ಕುಡಿದಿಲ್ಲ ತಾನೆ?"

"ಇಲ್ಲವ್ವಾ."

ಆಕೆ ಮೊಮ್ಮಗಳನ್ನು ಎದೆಗವಚಿಕೊಂಡಳು. ಆಮೇಲೆ ಮೊರದ ಮುಂದೆ ಕೂತು, ಹುಳುಗಳಿಗೆ ಕೈ ಮುಗಿದಳು. "ಇಷ್ಟ್ಗಾತ್ರದ್ ಜೀವ! ನನ್ ಕಣ್ಣಿಗೂ ಮೂಗಿಗೂ ತಿಳೀದೇ ಇದ್ದಿದ್ದು ಇದುಕ್ ತಿಳೀತಲ್ಲಮ್ಮ!" ಸಿಸ್ಟರ್ ಕೂಡ ಬೆರಗಾಗಿ ಮೊರವನ್ನೇ ನೋಡುತ್ತಿದ್ದರು.

ಮಾರನೆಯ ದಿನ ಬಾವಿಗೂ ಕೆರೆಗೂ ದೂರ ಗುಂಡಿ ತೋಡಿಸಿ ನೀರನ್ನೂ ಸತ್ತ ಹುಳುಗಳನ್ನೂ ಸುರಿದರು. ಮತ್ತೆ ಯಾರ ಕೈಗೂ ಸಿಗದಂತೆ ಡಬ್ಬಕ್ಕೆ ಆವಲಮ್ಮನೇ ಹಾರೆಯಿಂದ ತೂತು ಹೊಡೆದಳು. ಡಬ್ಬವನ್ನೂ ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಮನೆಯವರೆಲ್ಲ ಸೋಪು ಹಾಕಿ ಕೈ ತೊಳೆದರು.

ಮುಂದಿನ ಶನಿವಾರ ಶಾಲೆಗೆ ಆಕೆ ಹೊಸ ಮಣ್ಣಿನ ಗುಡಾಣ ಹೊತ್ತು ತಂದಳು. ಉಪ್ಪಿಟ್ಟು ಉಂಡ ಮಕ್ಕಳು ಸಾಲಾಗಿ ಬಂದು ನೀರು ಕುಡಿದವು. ಕೊನೆಯ ಮಗು ಬಾಯಿ ಒರೆಸಿಕೊಂಡು ಆಟಕ್ಕೆ ಓಡುವ ತನಕ ಆವಲಮ್ಮ ಆ ಸಾಲಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈಗ ಎದ್ದು ನಿಮ್ಮ ಅಡಿಗೆಮನೆಗೊಮ್ಮೆ ಹೋಗಿ ನೋಡಿ. ಔಷಧಿಯ ಡಬ್ಬದಲ್ಲಿ ನೀರೋ, ಎಣ್ಣೆಯೋ, ರಾಗಿಹಿಟ್ಟೋ ಇದ್ದರೆ ಇವತ್ತೇ ತೆಗೆಯಿರಿ. ಡಬ್ಬ ಎಷ್ಟೇ ಚೆಂದ ಇರಲಿ, ಎಷ್ಟೇ ತೊಳೆದಿರಲಿ. ನಾವೂ ಒಂದು ಸಲ ಪರೀಕ್ಷೆ ಮಾಡಿ ನೋಡೋಣ ಅನ್ನಬೇಡಿ. ಆ ಪರೀಕ್ಷೆ ಆವಲಮ್ಮನ ಮೊರದಲ್ಲಿ ಆಗಿಹೋಗಿದೆ.