ಕೆಂಚನ ಆಪರೇಷನ್

ಶಿವಪ್ರಸಾದ್ ಬೆಳಗಿನ ಚಹಾ ಇನ್ನೂ ಬಾಯಿಗಿಟ್ಟಿರಲಿಲ್ಲ. ಪಕ್ಕದ ಜಮೀನಿನ ಗ್ಲೆನ್ ಫೋನ್ ಮಾಡಿದ. ನಿಮ್ಮ ಹುಡುಗ ಮತ್ತೆ ನಮ್ಮ ಕಡೆ ಬಂದಿದ್ದಾನೆ, ಬೇಗ ಬನ್ನಿ, ಅಂದ.

ಶಿವಪ್ರಸಾದ್ ಗಮ್‌ಬೂಟು ಸಿಕ್ಕಿಸಿಕೊಂಡು ಓಡಿದ. ಬೇಲಿಯ ತಂತಿ ಕಿತ್ತು ಬಿದ್ದಿತ್ತು. ಆಚೆ ಗ್ಲೆನ್‌ನ ಹೆಣ್ಣು ಕುದುರೆಗಳ ಹಿಂದೆ ಶಿವಪ್ರಸಾದನ ಎಳೆಯ ಗಂಡು ಕುದುರೆ ಕೆಂಚ ಬಾಲ ಎತ್ತಿಕೊಂಡು ಸುತ್ತುತ್ತಿದ್ದ. ಎದೆಯ ಮೇಲೆ ತಂತಿ ಗೀರಿ ರಕ್ತ ಇಳಿಯುತ್ತಿತ್ತು. ಇಬ್ಬರೂ ಸೇರಿ ಅವನನ್ನು ಹಿಡಿದು ತರುವಷ್ಟರಲ್ಲಿ ಸಾಕುಸಾಕಾಯಿತು. ಗ್ಲೆನ್ ಒಳ್ಳೆಯವನು, ಬೈಯಲಿಲ್ಲ. ಆದರೆ ಹೋಗುವಾಗ, "ಇದಕ್ಕೊಂದು ದಾರಿ ಮಾಡಬೇಕಪ್ಪ" ಎನ್ನುವ ಅರ್ಥದಲ್ಲಿ ತಲೆಯಾಡಿಸಿದ.

ಶಿವಪ್ರಸಾದ್ ಮೈಸೂರಿನವನು, ಈಗ ನೆಲೆಸಿರುವುದು ಪರದೇಶದಲ್ಲಿ. ಹ್ಯಾಮಿಲ್ಟನ್‌ನಲ್ಲಿ ಹಾಲು ಕರೆಯುವ ಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಂಡತಿ ಯಾಮಿನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಗಳು ನಿಧಿಗೆ ಕುದುರೆಯ ಹುಚ್ಚು. ಅವಳಿಗಾಗಿಯೇ ಊರಾಚೆ ನಾಲ್ಕೆಕರೆ ಕೊಂಡು ಬೆಲ್ಲಾ ಎಂಬ ಹೆಣ್ಣು ಕುದುರೆ ತಂದರು. ಬೆಲ್ಲಾ ಗಬ್ಬದಲ್ಲಿದ್ದದ್ದು ಮಾರಿದವರಿಗೂ ಗೊತ್ತಿರಲಿಲ್ಲ. ವಸಂತದ ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದ ಶಿವಪ್ರಸಾದ್ ನೋಡುತ್ತಾನೆ, ಇಬ್ಬನಿಯಲ್ಲಿ ಕೆಂಪಗಿನ ಮರಿಯೊಂದು ಏಳಲು ಹೋಗಿ ಬೀಳುತ್ತಿದೆ! ಕಾಲು ಮಡಚಿಕೊಂಡು ಬೀಳುತ್ತಿದ್ದ ಆ ಮರಿಗೆ ಎದೆ ಆನಿಸಿ ನಿಲ್ಲಿಸಿದವನು ಅವನೇ. ಕೆಂಚ ಎಂದು ಹೆಸರಿಟ್ಟವನೂ ಅವನೇ.

ಒಂದೂವರೆ ವರ್ಷವಾಗುವ ಹೊತ್ತಿಗೆ ಕೆಂಚ ಮರಿಯಾಗಿ ಉಳಿದಿರಲಿಲ್ಲ. ತಾಯಿಯ ಮೇಲೇ ಏರಲು ಹೋಗುತ್ತಿದ್ದ. ಅದಕ್ಕೇ ಅವನನ್ನು ಮೇಯಲು ಬೇಲಿ ಹಾಕಿದ ಹಿಂದಿನ ಪ್ಯಾಡಕ್‌ನಲ್ಲಿ ಒಬ್ಬನನ್ನೇ ಬಿಟ್ಟಿದ್ದರು. ಹಿಂದಿನ ವಾರ ನಿಧಿ ಬಕೆಟ್ ಹಿಡಿದು ಗೇಟಿನೊಳಗೆ ಹೋದಾಗ ಆಟಕ್ಕೆಂದು ಮುಂಗಾಲೆತ್ತಿ ನಿಂತ. ಗೊರಸು ಅವಳ ಭುಜಕ್ಕೆ ತಗುಲಿತು. ಇನ್ನೂ ನೀಲಿಗಟ್ಟಿಕೊಂಡೇ ಇತ್ತು.

"ಇವತ್ತು ಭುಜ ಶಿವು, ನಾಳೆ ತಲೆಗೆ ಬಿದ್ರೆ?" ಅಂದಳು ಯಾಮಿನಿ. "ಒಂದೋ ಬೀಜ ತೆಗೆಸು, ಇಲ್ಲ ಯಾರಿಗಾದ್ರೂ ಕೊಟ್ಬಿಡು."

"ಕೊಡೋದಾ! ಯಾರಿಗೆ?"

"ಅದೇ ನಾನೂ ಕೇಳ್ತಿರೋದು. ಇಷ್ಟು ತುಂಟನ್ನ ಯಾರು ತಗೋತಾರೆ? ತಗೊಂಡೋರು ಅವನ್ನ ಹೇಗೆ ನೋಡ್ಕೋತಾರೋ ಏನೋ."

ಶಿವಪ್ರಸಾದ್ ಎದ್ದು ಹೊರಗೆ ಬಂದ. ಕೆಂಚನ ಎದೆಯ ಗಾಯ ತೋರಿಸಲು ಸಂಯುಕ್ತಾಗೆ ಫೋನ್ ಮಾಡಿದ.

ಸಂಯುಕ್ತಾ ಗದಗ ಕಡೆಯವಳು. ಓದಲು ಇಲ್ಲಿಗೆ ಬಂದು, ಕುದುರೆಗಳ ವೆಟ್, ಅಂದರೆ ಪಶುವೈದ್ಯೆ, ಆಗಿ ಇಲ್ಲೇ ನಿಂತವಳು. ತನ್ನ ಯೂಟ್ ಗಾಡಿ ನಿಲ್ಲಿಸಿ ಇಳಿದವಳೇ ಗಾಯ ತೊಳೆದಳು, ಮುಲಾಮು ಹಚ್ಚಿದಳು.

"ಗಾಯ ಸಣ್ಣದೈತ್ರಿ ಅಣ್ಣಾರ. ಆದ್ರ ಮುಂದಿನ ಸಲ ತಂತ್ಯಾಗ ಕಾಲು ಸಿಕ್ಕರ ಇಷ್ಟಕ್ಕ ಮುಗಿಯಂಗಿಲ್ಲ. ಇವನ ಆಪರೇಷನ್ ಯಾವಾಗ ಮಾಡಸ್ತೀರಿ?"

ಶಿವಪ್ರಸಾದ್ ಕೆಂಚನ ಕೊರಳು ಸವರುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ: "ಚಿಕ್ಕೋನಿದ್ದಾಗ ಸೋದರಮಾವನ ಊರಲ್ಲಿ ಹೋರಿಗೆ ಬೀಜ ಒಡೆಯೋದು ನೋಡ್ದೆ ಕಣಮ್ಮ. ಕಾಲು ಕಟ್ಟಿ ಕೆಡವಿ, ನಾಲ್ಕು ಜನ ಮೇಲೆ ಕೂತು, ಎರಡು ದೊಣ್ಣೆ ಮಧ್ಯ ಇಟ್ಟು... ಅದು ಕೂಗಿದ್ದು ಇವತ್ತಿಗೂ ಕಿವೀಲಿದೆ. ಮೂರು ದಿನ ಅನ್ನ ಸೇರಲಿಲ್ಲ ನಂಗೆ. ಇವನಿಗೆ ಅದನ್ನ ಹೇಗೆ ಮಾಡಿಸ್ಲಿ?"

ಸಂಯುಕ್ತಾ ನಗಲಿಲ್ಲ. "ನಾನೂ ನೋಡೀನ್ರಿ ಅದನ್ನ. ಇನ್ನೂ ಮರತಿಲ್ಲ. ಆದ್ರ ಇದು ಅದಲ್ರಿ. ಇಲ್ಲಿ ಕುದುರೆಗೆ ಇದನ್ನ ವೆಟ್ಟೇ ಮಾಡಬೇಕು, ಕಂಡಕಂಡವರು ಮಾಡೂ ಹಂಗಿಲ್ಲ. ಮೊದಲ ನಿದ್ದಿ ಬರೂ ಇಂಜೆಕ್ಷನ್ ಕೊಡತೀವಿ. ಆಮೇಲೆ ಆ ಜಾಗಾ ಮರಗಟ್ಟೂ ಇಂಜೆಕ್ಷನ್. ಅವನಿಗೆ ಗೊತ್ತಾಗೂದ್ರಾಗ ಮುಗದಿರತೈತಿ."

ಕೆಂಚನನ್ನು ಮತ್ತೆ ಹಿಂದಿನ ಪ್ಯಾಡಕ್ಕಿಗೆ ಬಿಟ್ಟು ಎಲ್ಲರೂ ಜಗಲಿಯಲ್ಲಿ ಕೂತರು, ಯಾಮಿನಿ ಚಹಾ ತಂದಳು. ಅವಳಿಗೆ ಕೇಳುವುದು ಬೇಕಾದಷ್ಟಿತ್ತು. "ಹೊಲಿಗೆ ಹಾಕ್ತೀರಾ?"

"ಹೆಚ್ಚಾಗಿ ಹಾಕಂಗಿಲ್ರಿ ಅಕ್ಕಾರ. ಗಾಯದ ಬಾಯಿ ಬಿಟ್ಟs ಇರತೈತಿ. ಒಳಗಿನ ನೀರು ಇಳದು ಹೋಗಬೇಕಲ್ಲ, ಅದಕ್ಕ. ನೋಡಾಕ ಒಂಚೂರು ಹೆದರಿಕಿ ಬರತೈತಿ, ಅಷ್ಟ."

"ಯಾವಾಗ ಮಾಡ್ಸೋದು ಒಳ್ಳೇದು?"

"ಈಗs. ಚಳಿಗಾಲದ ಮಳಿ ಇನ್ನೂ ಹಿಡದಿಲ್ಲ, ನೊಣ ಕಡಿಮಿ, ನೆಲ ಒಣಗೈತಿ. ಖರೇ ಹೇಳಬೇಕಂದ್ರ ಹೋದ ವರ್ಷನs ಮಾಡಸಬೇಕಿತ್ತು. ಸಣ್ಣವಿದ್ದಾಗ ಗಾಯ ಬೇಗ ಮಾಯತಾವು."

ನಿಧಿ ಕೇಳಿದಳು: "ಆಂಟಿ, ವಿಲ್ ಹೀ ಸ್ಟಿಲ್ ಬಿ ಕೆಂಚ?"

"ಕೆಂಚನs ಇರತಾನ ಪುಟ್ಟಿ. ಓಡತಾನ, ಜಿಗಿತಾನ, ನಿನ್ನ ಜೇಬಿಗೆ ಬಾಯಿ ಹಾಕತಾನ. ಈ ಹುಚ್ಚು ಹಟ ಕಡಿಮಿ ಆಗತೈತಿ. ಅದೂ ಮರುದಿನಾನ ಅಲ್ಲ, ಕೆಲವು ತಿಂಗಳು ಬೇಕು. ಒಳ್ಳೇ ನಡತಿ ನೀವು ಕಲಸಬೇಕಾಗತೈತಿ."

ಶಿವಪ್ರಸಾದ್ ಇನ್ನೂ ನೆಲ ನೋಡುತ್ತಿದ್ದ. ಆಗ ಹಿಂದಿನ ಪ್ಯಾಡಕ್‌ನಿಂದ ಕೆಂಚ ಕೆನೆದ. ಬೇಲಿಗೆ ಎದೆ ಒತ್ತಿ, ದೂರದಲ್ಲಿ ಮೇಯುತ್ತಿದ್ದ ತಾಯಿಯ ಕಡೆ ಮುಖ ಮಾಡಿ, ಮತ್ತೆ ಮತ್ತೆ ಕೆನೆದ.

"ಕೇಳಿದ್ರೇನ್ರಿ?" ಅಂದಳು ಸಂಯುಕ್ತಾ. "ಕುದುರಿ ಗುಂಪಿನ್ಯಾಗ ಬಾಳೂ ಪ್ರಾಣಿ. ಹಿಂಗs ಬಿಟ್ರ ಇವನನ್ನ ಜೀವನಪೂರ್ತಿ ಒಬ್ಬನ್ನs ಇಡಬೇಕಾಗತೈತಿ. ನೋವು ಆಗಬಾರದು ಅಂತೀರಿ. ಅದು ನೋವಲ್ಲೇನ್ರಿ?"

ಶಿವಪ್ರಸಾದ್ ಕೆಂಚನ ಕಡೆ ತಿರುಗಿ ನೋಡಿದ. "ಆಯ್ತಮ್ಮ. ದಿನ ಗೊತ್ತು ಮಾಡು" ಎಂದ.

ಸಂಯುಕ್ತಾ ಅಂದೇ ಕೆಂಚನನ್ನು ಮುಟ್ಟಿ ನೋಡಿ, ಎರಡು ಬೀಜವೂ ಕೆಳಗಿಳಿದಿವೆ ಎಂದು ಖಾತ್ರಿ ಮಾಡಿಕೊಂಡಳು. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಆಸ್ಪತ್ರೆಗೆ ಒಯ್ದು ದೊಡ್ಡ ಆಪರೇಷನ್ ಮಾಡಬೇಕಾಗುತ್ತಿತ್ತಂತೆ. ಧನುರ್ವಾಯುವಿನ ಲಸಿಕೆಯನ್ನೂ ಮುಂಚಿತವಾಗಿಯೇ ಹಾಕಿದಳು.

ಆ ದಿನ ಬಂತು. ತಣ್ಣನೆಯ, ಒಣ ಬೆಳಗು. ಸಂಯುಕ್ತಾ ಜೊತೆಗೆ ಕ್ಲಿನಿಕ್ಕಿನ ನರ್ಸ್ ಒಬ್ಬಳನ್ನು ಕರೆತಂದಿದ್ದಳು. ಮನೆಯ ಮುಂದಿನ ಸ್ವಚ್ಛ ಹುಲ್ಲಿನ ಮೇಲೆ ಕೆಂಚನಿಗೆ ಇಂಜೆಕ್ಷನ್ ಕೊಟ್ಟರು. ಅವನ ತಲೆ ಇಳಿಯಿತು, ತುಟಿ ಜೋತುಬಿತ್ತು, ಮಂಡಿ ಸಡಿಲವಾಗಿ ಮೆತ್ತಗೆ ಮಲಗಿದ. ಕಣ್ಣಿನ ಮೇಲೆ ಟವೆಲ್ ಹೊದಿಸಿದರು.

"ತಲಿ ಹತ್ರ ಕೂಡ್ರಿ ಅಣ್ಣಾರ. ಬೇಕಂದ್ರ ಇತ್ಲಾಗ ನೋಡಬ್ಯಾಡ್ರಿ."

ಶಿವಪ್ರಸಾದ್ ಕೆಂಚನ ಕೊರಳ ಮೇಲೆ ಕೈಯಿಟ್ಟು ಕೂತ. ಮೈಯೆಲ್ಲ ಕಿವಿಯಾಗಿ ಆ ಕೂಗಿಗೆ ಕಾದ. ಉಸಿರಾಟದ ಶಬ್ದ ಬಿಟ್ಟರೆ ಏನೂ ಕೇಳಲಿಲ್ಲ. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಓಡುತ್ತಿತ್ತು.

"ಆತ್ರಿ."

"ಏನು ಆಯ್ತು?"

"ಮುಗೀತ್ರಿ, ಎಲ್ಲಾ ಮುಗೀತು."

ಶಿವಪ್ರಸಾದ್ ಕೆಂಚನ ಕೊರಳಿಗೆ ಹಣೆ ಇಟ್ಟು ಅತ್ತುಬಿಟ್ಟ. ಯಾಮಿನಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಿಗೆ ಕೆಂಚ ತೂರಾಡುತ್ತ ಎದ್ದು ನಿಂತ. ಪೂರ್ತಿ ಎಚ್ಚರವಾಗುವ ತನಕ ಮೇವು ಕೊಡಬೇಡಿ, ಇವತ್ತು ಒಬ್ಬನೇ ಆರಾಮಾಗಿರಲಿ ಎಂದಳು ಸಂಯುಕ್ತಾ. "ರಕ್ತ ಹನಿ ಹನಿ ಬಿದ್ರ ಹೆದರಬ್ಯಾಡ್ರಿ. ಎಣಸಾಕ ಬರದಂಗ ಸುರದ್ರ ಕೂಡಲೇ ಫೋನ್ ಮಾಡ್ರಿ. ಗಾಯದಾಗಿಂದ ಏನಾರ ಜೋತಾಡಿದ್ರ ಒಂದು ನಿಮಿಷಾನೂ ತಡಾ ಮಾಡಬ್ಯಾಡ್ರಿ, ಎಳೀಬ್ಯಾಡ್ರಿ, ಕತ್ತರಿಸಬ್ಯಾಡ್ರಿ. ನೋವಿನ ಔಷಧ ತಪ್ಪಸಬ್ಯಾಡ್ರಿ. ಮತ್ತ ನಾಳಿಯಿಂದ ದಿನಾ ಎರಡು ಹೊತ್ತು ಅಡ್ಡಾಡಸಬೇಕು. ಇದು ಮುಖ್ಯ ಐತ್ರಿ."

ಶಿವಪ್ರಸಾದ್ ಎಲ್ಲಕ್ಕೂ ತಲೆಯಾಡಿಸಿದ. ಆದರೆ ಮರುದಿನ ಹಗ್ಗ ಹಿಡಿದು ಹೊರಟರೆ ಕೆಂಚ ಹಿಂಗಾಲು ಅಗಲಿಸಿಕೊಂಡು, ಬಿಗಿದುಕೊಂಡು ನಡೆಯುತ್ತಿದ್ದ. ಶಿವಪ್ರಸಾದ್ ಹಗ್ಗ ಸಡಿಲಿಸಿದ. "ಪಾಪ, ಮಲಕ್ಕೋ ಮಗನೆ" ಎಂದು ವಾಪಸು ಕರೆತಂದು ಕೊಟ್ಟಿಗೆಯಲ್ಲಿ ಬಿಟ್ಟ. ಅದರ ಮರುದಿನವೂ ಹಾಗೇ ಮಾಡಿದ.

ಮೂರನೆಯ ದಿನ ನೋಡಿದರೆ ಕೆಂಚನ ತೊಡೆ ಸಂದು ತೆಂಗಿನಕಾಯಿಯಂತೆ ಊದಿಕೊಂಡಿತ್ತು. ನಾನೇ ಇವನನ್ನು ಕೊಂದೆ ಅಂತ ಶಿವಪ್ರಸಾದನಿಗೆ ಅನ್ನಿಸಿತು. ಕೂಡಲೇ ಸಂಯುಕ್ತಾಗೆ ಫೋನ್ ಮಾಡಿದ.

"ಜ್ವರ ನೋಡಿದ್ರೇನ್ರಿ? ಮೇವು ತಿನ್ನಾಕತ್ತಾನೇನು?" ಕೇಳಿದಳು ಸಂಯುಕ್ತಾ.

"ಜ್ವರ ಇಲ್ಲ. ತಿಂತಿದ್ದಾನೆ."

"ಛಲೋ. ಅಡ್ಡಾಡಸೀರೇನ್ರಿ?"

"ಇಲ್ಲಮ್ಮ, ಪಾಪ ಅನ್ನಿಸ್ತು" ಎಂದ ಶಿವಪ್ರಸಾದ್.

ಮಧ್ಯಾಹ್ನ ಅವಳೇ ಬಂದಳು. ಗಾಯದ ಬಾಯಿ ಬೇಗನೆ ಮುಚ್ಚಿಕೊಳ್ಳತೊಡಗಿ, ನೀರು ಒಳಗೇ ನಿಂತಿತ್ತು. ಗ್ಲೌಸ್ ಹಾಕಿ ಅದನ್ನು ಬಿಡಿಸಿದಳು, ನೀರು ಇಳಿಯಿತು. ಇದನ್ನು ನೀವಾಗಿಯೇ ಮಾಡಬೇಡಿ ಎಂದು ಎಚ್ಚರಿಸಿದಳು.

"ಊತ ಎಲ್ಲಾ ಕುದುರಿಗೂ ಒಂದಿಷ್ಟು ಬಂದs ಬರತೈತ್ರಿ. ನಿಂತಲ್ಲೇ ನಿಂತ್ರ ಹೆಚ್ಚಾಗತೈತಿ. ಪಾಪ ಅನಸಿದ್ರ ನಡಸ್ರಿ ಅಣ್ಣಾರ. ನಡದಷ್ಟೂ ಹಗುರ ಆಗತೈತಿ."

ಅಂದಿನಿಂದ ಅಪ್ಪ ಮಗಳು ಸರದಿಯ ಮೇಲೆ ಕೆಂಚನನ್ನು ನಡೆಸಿದರು. ಮೊದಮೊದಲು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದವನು ಆಮೇಲೆ ನಿಧಿಯನ್ನೇ ಎಳೆದುಕೊಂಡು ಓಡತೊಡಗಿದ. ಊತ ಇಳಿಯಿತು. ಕೆಲವು ವಾರದಲ್ಲಿ ಗಾಯ ಮಾಯಿತು. ಬೀಜ ತೆಗೆದರೂ ಕೆಲಕಾಲ ಹೆಣ್ಣು ಕುದುರೆಗೆ ಗಬ್ಬ ನಿಲ್ಲುವ ಸಂಭವ ಇರುತ್ತದೆಂದು ಆರು ವಾರ ಬೆಲ್ಲಾಳಿಂದ ದೂರವೇ ಇಟ್ಟರು. ಅಷ್ಟರವರೆಗೆ ಜೊತೆಗಿರಲೆಂದು ಗ್ಲೆನ್ ತನ್ನ ಮುದಿ ಗಂಡು ಕುದುರೆ ಡ್ಯೂಕ್‌ನನ್ನು ಕಳಿಸಿದ. ಅದಕ್ಕೂ ಎಂದೋ ಬೀಜ ತೆಗೆಸಿದ್ದರು. ಕೆಂಚ ಕೀಟಲೆ ಮಾಡಿದರೆ ಡ್ಯೂಕ್ ಕಿವಿ ಹಿಂದಕ್ಕೆ ಮಡಚುತ್ತಿತ್ತು, ಅಷ್ಟೇ. ಕೆಂಚ ತೆಪ್ಪಗಾಗುತ್ತಿದ್ದ. ಆಮೇಲೆ ಬೆಲ್ಲಾಳೂ ಅವರನ್ನು ಸೇರಿಕೊಂಡಳು.

ಚಳಿಗಾಲದ ಒಂದು ಬಿಸಿಲಿನ ಮಧ್ಯಾಹ್ನ. ಶಿವಪ್ರಸಾದ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾನೆ, ಕೆಂಚ ಹುಲ್ಲಿನ ಮೇಲೆ ಕಾಲು ಚಾಚಿ ಉದ್ದಕ್ಕೆ ಬಿದ್ದಿದ್ದಾನೆ, ಅಲ್ಲಾಡುತ್ತಿಲ್ಲ. ಬರಿಗಾಲಲ್ಲೇ ಓಡಿದ. ಹತ್ತಿರ ಹೋಗಿ ನಿಂತ. ಕೆಂಚ ಗೊರಕೆ ಹೊಡೆಯುತ್ತಿದ್ದ. ಕನಸಿನಲ್ಲಿ ಎಲ್ಲಿಗೋ ಓಡುತ್ತಿದ್ದನೇನೋ, ಗೊರಸು ಸಣ್ಣಗೆ ಅದುರುತ್ತಿತ್ತು. ಒಂದು ಕಡೆ ಡ್ಯೂಕ್, ಇನ್ನೊಂದು ಕಡೆ ತಾಯಿ, ಕಾವಲಿಗೆ ನಿಂತಂತೆ ನಿಂತಿದ್ದವು. ಸುತ್ತ ತನ್ನವರಿದ್ದಾರೆಂಬ ಧೈರ್ಯವಿದ್ದಾಗಲೇ ಕುದುರೆ ಹೀಗೆ ಮೈಮರೆತು ಮಲಗುವುದು.

"ಏನಾಯ್ತು ಶಿವು?" ಯಾಮಿನಿ ಹಿಂದೆಯೇ ಓಡಿಬಂದಳು.

"ಶ್... ನಿದ್ದೆ ಮಾಡ್ತಿದ್ದಾನೆ."

ನಿಮ್ಮ ಮನೆಯಲ್ಲೂ ಗಂಡು ಕುದುರೆಮರಿ ಇದೆಯೇ? ಅದು ಬೆಳೆದು ಬೇಲಿ ಮುರಿಯುವ ತನಕ ಕಾಯಬೇಡಿ. ಈಗಲೇ ವೆಟ್‌ಗೆ ತೋರಿಸಿ, ಆಪರೇಷನ್ ಯಾವಾಗ ಮಾಡಿಸುವುದೆಂದು ಕೇಳಿ. ಲಸಿಕೆ ಹಾಕಿಸಿ, ಒಣಹವೆಯ ದಿನ ನೋಡಿ ಮಾಡಿಸಿ. ಆಮೇಲೆ ಸ್ವಲ್ಪ ಊತ, ನಾಲ್ಕು ಹನಿ ರಕ್ತ ಕಂಡರೆ ಗಾಬರಿಯಾಗಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೇವು ಬಿಟ್ಟರೆ, ಗಾಯದಿಂದ ಏನಾದರೂ ಹೊರಬಂದರೆ ಹೊತ್ತು ಗೊತ್ತು ನೋಡದೆ ಫೋನ್ ಮಾಡಿ. ಮುದ್ದು ಮಾಡಿ, ಆದರೆ ನಡೆಸುವುದನ್ನು ಮರೆಯಬೇಡಿ. ಮನಸ್ಸು ಅಳುಕಿದರೆ ಅದನ್ನೂ ವೆಟ್ ಹತ್ತಿರ ಬಾಯಿಬಿಟ್ಟು ಹೇಳಿ, ಅವರು ಕೇಳುತ್ತಾರೆ. ನಿಮ್ಮ ಮರಿಯೂ ತನ್ನವರ ನಡುವೆ ಹೀಗೆ ಕಾಲು ಚಾಚಿ ನಿದ್ದೆ ಮಾಡಲಿ.